ನೀರು ಬೆರೆಸಿದರೆ ಆಮ್ಲವು ಕ್ಷಾರವಾದೀತೆ?

‘ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಎಷ್ಟು ಕಿವುಚಿದರೂ ಹೊಳೆಯ ನೀರು ಹುಳಿಯಾಗದು. ಆದರೆ ಹುಳಿ ಬೆರೆತುದರಿಂದ ನೀರು ಕ್ಷಾರವಾಯಿತೆಂದು ಯಾರಾದರೂ ಹೇಳಿದರೆ ನಂಬುವೆವೆ? ಸೂತ್ರವನ್ನು ಕಣ್ಣು ಮುಚ್ಚಿ ಬಳಸಿದರೆ ನಾವೇ ಹಾಗೆ ಹೇಳಿಬಿಡುವ ಸಂಭವವುಂಟು.

ದ್ರಾವಣದ ಆಮ್ಲೀಯತೆಯು ಅದರಲ್ಲಿರುವ ಜಲಜನಕ ಅಯಾನುಗಳ ಸಾರತೆಯನ್ನು, ಎಂದರೆ ಒಂದು ಲೀಟರಿನಲ್ಲಿ ಅವು ಎಷ್ಟು ಮೋಲ್ ಇವೆ ಎಂಬುದನ್ನು ಅವಲಂಬಿಸಿದೆ. ಈ ಸಂಖ್ಯೆಗಳು ಸಾಮಾನ್ಯವಾಗಿ ತೀರ ಚಿಕ್ಕವು. ಬರೆಯುವುದಕ್ಕೂ ಹೋಲಿಸುವುದಕ್ಕೂ ತೊಡಕು. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ರಸಾಯನ ವಿಜ್ಞಾನಿ ಸೋರೆನ್ಸೆನ್ ಇದಕ್ಕೊಂದು ಸುಲಭೋಪಾಯವನ್ನು ಸೂಚಿಸಿದನು. ಆ ಸಾರತೆಯ ಲಾಗರಿದಮನ್ನು ತೆಗೆದು ಅದರ ಚಿಹ್ನೆಯನ್ನು ಬದಲಿಸಿದರೆ ದೊರೆಯುವ ಸಂಖ್ಯೆಯೇ ಪಿಎಚ್. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಶುದ್ಧ ಜಲದ ಪಿಎಚ್ 7. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.

ಲೀಟರಿಗೆ 0.01 ಮೋಲ್ ಹೈಡ್ರೋಕ್ಲೋರಿಕ್ ಆಮ್ಲವಿರುವ ದ್ರಾವಣವನ್ನು ತೆಗೆದುಕೊಳ್ಳೋಣ. ಇದು ಪ್ರಬಲಾಮ್ಲ, ನೀರಿನಲ್ಲಿ ಪೂರ್ಣವಾಗಿ ಅಯಾನುಗಳಾಗಿ ಒಡೆಯುತ್ತದೆ. ಆದುದರಿಂದ ಜಲಜನಕ ಅಯಾನುಗಳ ಸಾರತೆಯೂ 0.01, ಎಂದರೆ 10⁻², ಪಿಎಚ್ 2. ಈ ದ್ರಾವಣವನ್ನು ನೀರು ಬೆರೆಸಿ ಹತ್ತು ಪಟ್ಟು ಹಿಗ್ಗಿಸಿದರೆ ಪಿಎಚ್ 3; ಮತ್ತೊಮ್ಮೆ ಹಿಗ್ಗಿಸಿದರೆ 4. ಹೀಗೆ ಒಟ್ಟು ಆರು ಸಲ ಮಾಡಿದಾಗ ಆಮ್ಲದ ಸಾರತೆ 10⁻⁸ ಆಗುತ್ತದೆ. ಈಗ ಪಿಎಚ್ ಎಷ್ಟು? ‘ಎಂಟು’ ಎಂಬ ಉತ್ತರ ತರಗತಿಯಲ್ಲಿ ಥಟ್ಟನೆ ಬರುತ್ತದೆ. ಆದರೆ ಎಂಟು ಕ್ಷಾರದ ಗುರುತು!

ತಪ್ಪೆಲ್ಲಿ? ನಾವು ನೀರನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. ನೀರಿನ ಅತ್ಯಲ್ಪ ಭಾಗವೂ ಜಲಜನಕ ಮತ್ತು ಹೈಡ್ರಾಕ್ಸಿಲ್ ಅಯಾನುಗಳಾಗಿ ಒಡೆದಿರುತ್ತದೆ. ಮೇಲೆ ಹೇಳಿದ ಉಷ್ಣತೆಯಲ್ಲಿ ಇವೆರಡರ ಸಾರತೆಗಳ ಗುಣಲಬ್ಧ 10⁻¹⁴. ಶುದ್ಧ ಜಲದಲ್ಲಿ ಒಂದೊಂದೂ 10⁻⁷. ಮೊದಲಿನ ದ್ರಾವಣದಲ್ಲಿ ನೀರಿನ ಪಾಲು ನಗಣ್ಯ. ಇಲ್ಲಿಯಾದರೋ ಆಮ್ಲದ ಪಾಲೇ ಚಿಕ್ಕದು.

ಹಾಗಾದರೆ 10⁻⁷ ಮತ್ತು 10⁻⁸ ಇವನ್ನು ಕೂಡಿಸಿದರೆ ಸಾಕೆ? ಸಾಲದು. ಆಮ್ಲದ ಅಯಾನುಗಳು ಸೇರಿದಾಗ ನೀರು ಒಡೆಯುವ ಪ್ರಮಾಣ ಸ್ವಲ್ಪ ತಗ್ಗುತ್ತದೆ. ಜಲಜನಕ ಅಯಾನುಗಳ ಒಟ್ಟು ಸಾರತೆಯನ್ನು ‘ಜ’ ಎನ್ನೋಣ. ಆಮ್ಲದ ಪಾಲಾದ 10⁻⁸ನ್ನು ಕಳೆದರೆ ಉಳಿಯುವುದು ನೀರಿನ ಪಾಲು. ನೀರು ಒಡೆದಾಗ ಎರಡು ಬಗೆಯ ಅಯಾನುಗಳೂ ಸಮಸಂಖ್ಯೆಯಲ್ಲಿ ಹುಟ್ಟುವುದರಿಂದ ಹೈಡ್ರಾಕ್ಸಿಲ್ ಅಯಾನುಗಳ ಸಾರತೆಯೂ ಅಷ್ಟೇ. ಆದುದರಿಂದ,

ಜ × (ಜ − 10⁻⁸) = 10⁻¹⁴

ಈ ವರ್ಗ ಸಮೀಕರಣವನ್ನು ಬಿಡಿಸಿದರೆ ಜ = 1.05 × 10⁻⁷, ಪಿಎಚ್ 6.98. ಏಳಕ್ಕಿಂತ ಕೂದಲೆಳೆಯಷ್ಟೇ ಕಡಮೆ, ಆದರೂ ಕಡಮೆಯೇ. ಇನ್ನೆಷ್ಟು ನೀರು ಬೆರೆಸಿದರೂ ಪಿಎಚ್ ಏಳರತ್ತ ಸರಿಯುವುದೇ ಹೊರತು ಅದನ್ನು ದಾಟದು.

ಗಾಳಿ ಸೋಕದ ಶುದ್ಧ ಜಲಕ್ಕೆ ಈ ಲೆಕ್ಕ ಸಲ್ಲುತ್ತದೆ. ತೆರೆದಿಟ್ಟ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತಾನೇ ತುಸು ಆಮ್ಲವಾಗುತ್ತದೆ.

ಸೋರೆನ್ಸೆನ್ನನ ಸೂತ್ರದಲ್ಲಿ ದೋಷವಿಲ್ಲ. ಅದು ಕೇಳುವುದು ದ್ರಾವಣದಲ್ಲಿರುವ ಎಲ್ಲ ಜಲಜನಕ ಅಯಾನುಗಳನ್ನು. ನಾವು ಕೊಟ್ಟದ್ದು ಆಮ್ಲದವನ್ನು ಮಾತ್ರ. ಉತ್ತರ ಬಂದೊಡನೆ ಲೇಖನಿಯನ್ನು ಕೆಳಗಿಡದೆ, ಅದು ವಸ್ತುಸ್ಥಿತಿಗೆ ಒಪ್ಪುವುದೇ ಎಂದು ಒಮ್ಮೆ ಕೇಳಿಕೊಂಡರೆ ಇಂಥ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.