ಕಾಯುವ ಹೊತ್ತಿನ ಬೆಲೆ

ತೆರೆಯ ಮೇಲೆ ಬಿಡುವಿಲ್ಲದವರಂತೆ ಕಾಣುವ ನಟರು ಚಿತ್ರೀಕರಣದ ಅಂಗಳದಲ್ಲಿ ಬಹಳ ಹೊತ್ತು ಸುಮ್ಮನೆ ಕಾಯುತ್ತಿರುತ್ತಾರೆಂದರೆ ನಿಮಗೆ ಅಚ್ಚರಿಯಾದೀತು. ಕ್ಯಾಮರಾ ಸ್ಥಳ ಬದಲಿಸಿತೆಂದರೆ ದೀಪಗಳನ್ನೆಲ್ಲ ಹೊಸದಾಗಿ ಹೊಂದಿಸಬೇಕು. ಅದಾಗುವವರೆಗೆ ವೇಷ ತೊಟ್ಟವರಿಗೆ ಬೇರೆ ಕೆಲಸವಿಲ್ಲ.

ಆ ಹೊತ್ತನ್ನು ಕೆಲವರು ಹರಟೆಯಲ್ಲಿ ಕಳೆದರೆ, ಅಮೆರಿಕದ ಹಂಫ್ರಿ ಬೋಗಾರ್ಟ್ ಚದುರಂಗದ ಮಣೆ ಹಾಸುತ್ತಿದ್ದರು. ಹಾಲಿವುಡ್ಡಿನ ತಾರೆ ಹೆಡಿ ಲಮಾರ್ ಅವರದು ಇನ್ನೂ ವಿಶೇಷ. ಮನೆಯಲ್ಲಷ್ಟೇ ಅಲ್ಲ, ಚಿತ್ರೀಕರಣದ ಬಿಡುವಿನಲ್ಲಿಯೂ ಸಲಕರಣೆಗಳನ್ನಿಟ್ಟುಕೊಂಡು ಪ್ರಯೋಗ ನಡೆಸುತ್ತಿದ್ದುದಾಗಿ ಆಕೆಯೇ ಹೇಳಿಕೊಂಡಿದ್ದಾರೆ.

ಮಹಾಯುದ್ಧದಲ್ಲಿ ಹಡಗುಗಳು ಮುಳುಗುತ್ತಿದ್ದ ಕಾಲವದು. ಟಾರ್ಪೆಡೋವನ್ನು ನಡೆಸುವ ರೇಡಿಯೋ ಸಂಕೇತವನ್ನು ಶತ್ರು ಕೆಡಿಸದಂತೆ ಮಾಡುವ ಬಗೆ ಹೇಗೆ? ಸಂಕೇತವನ್ನು ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಸುತ್ತಿರಬೇಕು. ಕಳಿಸುವ ಹಾಗೂ ಪಡೆಯುವ ಯಂತ್ರಗಳೆರಡರಲ್ಲೂ ಒಂದೇ ತೆರನಾಗಿ ರಂಧ್ರ ಕೊರೆದ ಸುರುಳಿಗಳು ಜೊತೆಜೊತೆಗೆ ಸುತ್ತಿದರೆ ಗುಟ್ಟು ಅವಕ್ಕೆ ಮಾತ್ರ ತಿಳಿದಿರುತ್ತದೆ. ಪಿಯಾನೋವಿನ ಕೀಲಿಗಳಷ್ಟೇ, ಎಂದರೆ 88 ತರಂಗಗಳವರೆಗೆ ಅದರಲ್ಲಿ ಎಡೆಯಿತ್ತು. ಸಂಗೀತಗಾರ ಜಾರ್ಜ್ ಆಂಟೈಲರೊಡನೆ ಆಕೆ 1942ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ನೌಕಾದಳ ಆಗ ಅದನ್ನು ಬಳಸಲಿಲ್ಲ. ಆದರೆ ತರಂಗ ಜಿಗಿಸುವ ಅದೇ ತತ್ತ್ವ ಇಂದು ನಿಮ್ಮ ಮನೆಯ ಬ್ಲೂಟೂತ್ ಸಲಕರಣೆಯಲ್ಲಿ ದುಡಿಯುತ್ತಿದೆ. ಕರೆ ಬರುವವರೆಗೆ ಕಾಯುವುದು ನಟರಿಗೆ ಮಾತ್ರ ಬಂದ ಪಾಡಲ್ಲ. ಕೈಯಲ್ಲೊಂದು ಕೆಲಸವಿದ್ದವರಿಗೆ ಆ ಹೊತ್ತು ವ್ಯರ್ಥವೂ ಅಲ್ಲ.