ಹಳೇ ಬಣ್ಣ ಎಣ್ಣೆಯದೋ, ನೀರಿನದೋ?

ಗೃಹಪ್ರವೇಶಕ್ಕೋ ಮದುವೆಗೋ ಅಂತ ಬಳಿಸಿದ ಬಣ್ಣ ಒಂದೇ ಮಳೆಗಾಲಕ್ಕೆ ಹಾಳೆ ಹಾಳೆಯಾಗಿ ಏಳುವುದುಂಟು. ಮನೆಯವರು ಪೇಂಟ್ ಕಂಪನಿಯನ್ನು ಬೈಯುತ್ತಾರೆ, ಇಲ್ಲವೇ ಗೋಡೆಯ ತೇವವನ್ನು ದೂರುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಬೇರೆಯೇ. ಹಳೆಯ ಆಯಿಲ್ ಪೇಂಟಿನ ಮೇಲೆ ನೇರವಾಗಿ ಎಮಲ್ಷನ್, ಅಂದರೆ ನೀರಿನ ಬಣ್ಣ ಹೊಡೆದಿರುತ್ತಾರೆ. ನುರಿತ ಪೇಂಟರ್ ಹಾಗೆ ಮಾಡುವುದಿಲ್ಲ. ಡಬ್ಬ ತೆರೆಯುವ ಮೊದಲೇ ಅಡಿಯಲ್ಲಿರುವುದು ಯಾವ ಬಣ್ಣವೆಂದು ತಿಳಿದುಕೊಳ್ಳುತ್ತಾನೆ.

ಅಂದಾಜು ಸುಲಭ. ಬಾಗಿಲು, ಕಿಟಕಿ, ಗ್ರಿಲ್ಲುಗಳಿಗೆ ಸಾಮಾನ್ಯವಾಗಿ ಎಣ್ಣೆಯ ಎನಾಮಲ್. ಹಳೇ ಮನೆಗಳ ಅಡುಗೆಮನೆ, ಸರ್ಕಾರಿ ಶಾಲೆ, ಆಸ್ಪತ್ರೆಗಳಲ್ಲಿ ಎದೆಮಟ್ಟದವರೆಗೆ ಆಯಿಲ್ ಪೇಂಟ್, ಅದಕ್ಕಿಂತ ಮೇಲಿನ ಭಾಗಕ್ಕೆ ಸುಣ್ಣ ಇಲ್ಲವೇ ಡಿಸ್ಟೆಂಪರ್. ಆದರೆ ಹೊಳಪೊಂದನ್ನೇ ನಂಬಬೇಡಿ. ನೀರು ಬೆರೆಸಿ ಹಚ್ಚುವ ಎನಾಮಲ್‌ಗಳೂ ಈಗ ಚೆನ್ನಾಗಿಯೇ ಹೊಳೆಯುತ್ತವೆ.

ಖಚಿತವಾಗಬೇಕೆಂದರೆ ಬಾಗಿಲ ಹಿಂದಿನ ಮೂಲೆಯನ್ನು ಆರಿಸಿಕೊಳ್ಳಿ. ಸೋಪು ನೀರಿನಿಂದ ಜಿಡ್ಡು, ಧೂಳು ತೆಗೆಯಿರಿ. ಒದ್ದೆ ಬಟ್ಟೆಗೇ ಹಿಟ್ಟಿನಂಥ ಹುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಮುಂದಿನ ಪರೀಕ್ಷೆಯೇ ಬೇಡ. ಹತ್ತದಿದ್ದರೆ ಗೋಡೆ ಒಣಗಲು ಬಿಟ್ಟು, ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒತ್ತಿ ಉಜ್ಜಿ. ಎಮಲ್ಷನ್ ಆಗಿದ್ದರೆ ಮೊದಲು ಬೆರಳಿಗೆ ಅಂಟಂಟು ತಾಗುತ್ತದೆ, ಆಮೇಲೆ ಗೋಡೆಯ ಬಣ್ಣವೇ ಹತ್ತಿಗೆ ಇಳಿಯುತ್ತದೆ. ಆಯಿಲ್ ಪೇಂಟಾದರೆ ಹತ್ತಿ ಕೊಳೆಯಾದೀತು, ಬಣ್ಣ ಬಿಡುವುದಿಲ್ಲ. ಸ್ಪಿರಿಟ್‌ಗೆ ಬೆಂಕಿ ಬೇಗ ಹಿಡಿಯುತ್ತದೆ. ಒಲೆ ಆರಿಸಿ, ಕಿಟಕಿ ತೆರೆದಿಡಿ.

ಇದರ ಗುಟ್ಟು ಬಣ್ಣ ಒಣಗುವ ಕ್ರಮದಲ್ಲಿದೆ. ಎಮಲ್ಷನ್‌ನಲ್ಲಿ ನೀರು ಆರಿದ ಮೇಲೆ ಸಣ್ಣ ಸಣ್ಣ ಅಂಟಿನ ಕಣಗಳು ಒಂದಕ್ಕೊಂದು ಕೂಡಿ ಪೊರೆಯಾಗುತ್ತವೆ. ಸ್ಪಿರಿಟ್ ತಾಗಿದರೆ ಆ ಪೊರೆ ಮತ್ತೆ ಮೆತ್ತಗಾಗುತ್ತದೆ. ಎಣ್ಣೆಯ ಬಣ್ಣ ಗಾಳಿಯ ಆಮ್ಲಜನಕ ಹೀರಿ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತದೆ, ಸ್ಪಿರಿಟ್‌ಗೆ ಜಗ್ಗುವುದಿಲ್ಲ. ಅದರ ನುಣುಪು ಮೈಮೇಲೆ ಎಮಲ್ಷನ್‌ಗೆ ಹಿಡಿತ ಸಿಗುವುದೇ ಇಲ್ಲ.

ಹಾಗಂತ ಆಯಿಲ್ ಪೇಂಟನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ. ತೊಳೆದು, ಉಪ್ಪುಕಾಗದದಿಂದ ಹೊಳಪು ಮುರಿದು, ಎಣ್ಣೆಯ ಬಣ್ಣದ ಮೇಲೂ ಕಚ್ಚಿ ನಿಲ್ಲುವ ಪ್ರೈಮರ್ ಒಂದು ಕೋಟು ಕೊಟ್ಟರೆ ಎಮಲ್ಷನ್ ನಿಲ್ಲುತ್ತದೆ. ಗುತ್ತಿಗೆದಾರರು ಸಮಯ ಉಳಿಸಲು ಕೈಬಿಡುವುದು ಈ ಕೆಲಸವನ್ನೇ. ಮನೆಯವರು ಎದುರು ನಿಂತು ಮಾಡಿಸಿಕೊಳ್ಳಬೇಕು.

ಉಜ್ಜುವಾಗ ಇನ್ನೊಂದು ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಹೆಚ್ಚಿರುವ ಸಾಧ್ಯತೆಯಿದೆ, ಅದರ ಧೂಳು ಮಕ್ಕಳ ಮಿದುಳಿಗೆ ವಿಷ. ಹಳೇ ಬಾಗಿಲು, ಕಿಟಕಿಗಳನ್ನು ಒಣದಾಗಿ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಿಸಿ, ಪೇಂಟರ್‌ಗೆ ಒಳ್ಳೆಯ ಮಾಸ್ಕ್ ಕೊಡಿ. ಕೆಲಸ ಮುಗಿದು ನೆಲವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುವವರೆಗೂ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಗೆ ಬಿಡಬೇಡಿ.