ಹುಳ ಸತ್ತರೂ ಎಣ್ಣೆ ಸಾಯದು

ಆಂಧ್ರದ ಆದವಾನಿಯ ಎರೆ ಹೊಲ ತನ್ನನ್ನು ತಾನೇ ಉಳುತ್ತದೆ ಎಂದರೆ ನಂಬುತ್ತೀರಾ? ನಂಬಲೇಬೇಕು! ಬೇಸಿಗೆಗೆ ನೆಲ ಬಾಯಿಬಿಡುತ್ತದೆ, ಮೇಲಿನ ಪುಡಿಮಣ್ಣು ಆ ಬಿರುಕಿಗೆ ಉದುರುತ್ತದೆ. ಮಳೆ ಬಿದ್ದದ್ದೇ ತಡ, ಜೇಡಿ ಉಬ್ಬಿ ಬಾಯಿ ಮುಚ್ಚುತ್ತದೆ. ಮೇಲಿದ್ದದ್ದು ಆಳಕ್ಕೆ, ಆಳದ್ದು ಮೇಲಕ್ಕೆ! ಆಲೂರು, ಕೋಸಿಗಿ, ಎಮ್ಮಿಗನೂರುಗಳ ಆಸುಪಾಸಿನಲ್ಲೂ ಇಂಥದೇ ಎರೆಯಲ್ಲಿ ಹತ್ತಿ ಅರಳುತ್ತದೆ. ಹಾಗಾದರೆ ಆ ಹತ್ತಿಗೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಎಲ್ಲಿ ಹೋಯಿತು?

ಹೊಡೆದದ್ದೇನು ಕಡಿಮೆಯೇ? 2002ರಲ್ಲಿ ಬಿಟಿ ಹತ್ತಿ ಬರುವ ಮುಂಚೆ ದೇಶದ ಸಾಗುವಳಿ ಭೂಮಿಯಲ್ಲಿ ಹತ್ತಿಗೆ ಸಿಕ್ಕಿದ್ದು ಶೇ. 5ರಷ್ಟು, ಕೀಟನಾಶಕದಲ್ಲಿ ಸಿಕ್ಕಿದ್ದು ಹತ್ತಿರ ಹತ್ತಿರ ಅರ್ಧ!

ಡಿಡಿಟಿಯನ್ನೇ ನೋಡಿ. 1939ರಲ್ಲಿ ಅದರ ಕೀಟ ಕೊಲ್ಲುವ ಗುಣವನ್ನು ಕಂಡುಹಿಡಿದ ಪೌಲ್ ಮ್ಯೂಲರ್‌ಗೆ 1948ರಲ್ಲಿ ನೊಬೆಲ್ ಬಂತು. ಅದು ನೀರಿನಲ್ಲಿ ಕರಗುವುದೇ ಅಪರೂಪ, ಮಣ್ಣಿಗೂ ಕೊಬ್ಬಿಗೂ ಮಾತ್ರ ಬಿಡದೆ ಅಂಟುತ್ತದೆ. ಮಣ್ಣಿನಲ್ಲಿ ಅರ್ಧ ಒಡೆಯಲು 2ರಿಂದ 15 ವರ್ಷ ಬೇಕು. ಒಡೆದರಾದರೂ ಪೀಡೆ ತೊಲಗಿತೇ? ಇಲ್ಲ, ಅದರ ಚೂರಾದ ಡಿಡಿಇ ಇನ್ನೂ ಗಟ್ಟಿ ಜೀವ! ಬಿಸಿ ನಾಡಿನಲ್ಲಿ ಆವಿಯಾಗಿ, ತಣ್ಣನೆ ನಾಡಿನಲ್ಲಿ ಇಳಿಯುತ್ತ ಇವು ಭೂಮಿಯನ್ನೇ ಸುತ್ತುತ್ತವೆ. ಯಾರೂ ಸಿಂಪಡಿಸದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ಮೈಯಲ್ಲಿ 1960ರ ದಶಕದಲ್ಲೇ ಡಿಡಿಟಿ ಸಿಕ್ಕಿತು. ಭಾರತ 1989ರಲ್ಲಿ ಹೊಲಕ್ಕೆ ಅದನ್ನು ನಿಷೇಧಿಸಿತು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಆಟ ಇನ್ನೂ ವಿಚಿತ್ರ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಿಸುತ್ತವೆ. ವಿಷ ಅಷ್ಟೇ, ಆಯುಸ್ಸು ಮಾತ್ರ ಹೆಚ್ಚು! ಕಾಸರಗೋಡಿನ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸುರಿದದ್ದು ಇದನ್ನೇ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಪರೀಕ್ಷಿಸಿದಾಗ ನೀರು, ಮಣ್ಣು, ಜನರ ರಕ್ತ, ಎಲ್ಲದರಲ್ಲೂ ಅದರ ಅಂಶ ಕಂಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು.

ಇಷ್ಟಾಗಿಯೂ ಹುಳ ಸೋತಿತೇ? 1987ರಲ್ಲಿ ಆಂಧ್ರದ ಕರಾವಳಿ ಹತ್ತಿಯಲ್ಲಿ ಕಾಯಿಕೊರಕ ಪೈರೆಥ್ರಾಯ್ಡ್ ಔಷಧಕ್ಕೂ ಜಗ್ಗಲಿಲ್ಲ. ಪ್ರತಿ ಸಿಂಪಡಣೆಯಲ್ಲೂ ಬದುಕುಳಿದದ್ದು ತಾಳಿಕೊಳ್ಳಬಲ್ಲ ಹುಳ, ಮೊಟ್ಟೆ ಇಟ್ಟದ್ದೂ ಅದೇ. ವಿಷ ಉಳಿಯಿತು, ಹುಳವೂ ಉಳಿಯಿತು!

ಈಗ ಆ ಎರೆ ಹೊಲದ ಬದುವಿನಲ್ಲೇ ಇರುವ ಬೇವನ್ನು ನೋಡಿ. ಅದರ ಬೀಜದ ಅಜಾಡಿರಾಕ್ಟಿನ್ ಹುಳದ ಹಸಿವನ್ನೂ ಪೊರೆ ಕಳಚುವುದನ್ನೂ ಕೆಡಿಸುತ್ತದೆ, ಬಿಸಿಲಿಗೆ ಕೆಲವೇ ದಿನಗಳಲ್ಲಿ ಇಲ್ಲವಾಗುತ್ತದೆ. ಮತ್ತೆ ಮತ್ತೆ ಹೊಡೆಯಬೇಕು ಎಂಬ ಕಾರಣಕ್ಕೇ ಅದನ್ನು ದುರ್ಬಲ ಎಂದು ಬದಿಗೆ ಸರಿಸಿದ್ದೆವು. ಸರಿಯಾದ ಹೊತ್ತಿಗೆ ಸಾಯಬಲ್ಲ ಔಷಧವೇ ನಮಗೆ ಬೇಕಾಗಿದ್ದದ್ದು!